ಕಾದಗಡ್ಡಿ ಎಂಬ ಇಲ್ಲದ ಊರಿನಿಂದ ಗಡಿ ಸಾಹೇಬರಿಗೆ

ಬಳ್ಳಾರಿಯ ನದಿಗಡಿ ಪರಿಶೀಲನಾ ಕಚೇರಿಯನ್ನು ಅಲಂಕರಿಸಿರುವ ಸಾಹೇಬರಾದ ಮಾನ್ಯರೇ,

ತುಂಗಭದ್ರೆಯ ನಡುವೆ, ರಾರಾವಿ ಕಡೆಯ ದಡದಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿರುವ ಕಾದಗಡ್ಡಿಯ ಸಮಸ್ತರ ಪರವಾಗಿ ಗಾದೆಪ್ಪನೆಂಬ ನಾನು ಮಾಡುವ ನಮಸ್ಕಾರಗಳನ್ನು ಸ್ವೀಕರಿಸಬೇಕು. ತಮ್ಮ ಆರೋಗ್ಯ, ತಮ್ಮ ಜೀಪಿನ ಆರೋಗ್ಯ ಮತ್ತು ಕುರುಗೋಡಿನಲ್ಲಿರುವ ತಮ್ಮ ಮಾತೃಶ್ರೀಯವರ ಆರೋಗ್ಯ ಚೆನ್ನಾಗಿವೆಯೆಂದು ನಂಬಿದ್ದೇವೆ. ಕಾದಗಡ್ಡಿಯ ಪಕ್ಕೀರಮ್ಮ ಎಂಬ ಮೃತ ಹೆಂಗಸನ್ನು ಸಾಹೇಬರಾದ ತಮ್ಮ ತಾಯಿಯೆಂದು ಆಂಧ್ರದ ಪೊಲೀಸರ ಮುಂದೆ ಸುಳ್ಳು ಹೇಳಿದ್ದೇಕೆ ಎಂದು ಕೇಳಿ ತಾವು ಕಳುಹಿಸಿದ ನೋಟೀಸು ನಮಗೆ ಸುರಕ್ಷಿತವಾಗಿ ತಲುಪಿದೆ. ಈ ಪತ್ರ ಅದಕ್ಕೆ ಉತ್ತರ. ಇದನ್ನು ಪತ್ರಿಕೆಯ ಮೂಲಕ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನಾವು ತಮ್ಮ ಕಚೇರಿಗೆ ನೇರವಾಗಿ ಕೊಟ್ಟ ಅರ್ಜಿಗಳೆಲ್ಲ ಬಹಳ ಭದ್ರವಾದ ಜಾಗದಲ್ಲಿದ್ದು, ಯಾರ ಕೈಗೂ ಸಿಗದಂತಿವೆಯೆಂದು ತಿಳಿದುಬಂದಿದೆ.

ಮೊದಲಿಗೆ ನನ್ನ ಪರಿಚಯ. ನಾನು ಹುಟ್ಟಿನಿಂದ ಕಾದಗಡ್ಡಿಯವನಲ್ಲ. ಬಳ್ಳಾರಿಯ ಕೋಟೆಗುಡ್ಡದ ಬುಡದಲ್ಲಿದ್ದ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ಲಗ್ನಪತ್ರಿಕೆ, ನಾಟಕದ ಕರಪತ್ರ, ಸರಕಾರಿ ಪ್ರಕಟಣೆ ಎಲ್ಲವೂ ನನ್ನ ಬೆರಳ ತುದಿಯಿಂದಲೇ ಹೋಗುತ್ತಿದ್ದವು. ಪ್ರಕಟಣೆಗಳಲ್ಲಿ ‘ಸದರಿ’ ಎಂಬ ಮಾತು ಎಷ್ಟು ಬರುತ್ತಿತ್ತೆಂದರೆ, ಕೆಲಸ ಮುಗಿದ ಮೇಲೂ ಅದರ ಮೊಳೆಗಳನ್ನು ಬಿಚ್ಚದೆ ದಾರದಿಂದ ಕಟ್ಟಿ ಇಟ್ಟಿರುತ್ತಿದ್ದೆವು. ತಮಗೆ ಬರೆಯಲು ಬೇಕಾದ ಭಾಷೆಯನ್ನು ನಾನು ಕಲಿತದ್ದು ಹೀಗೆ. ಆ ಪ್ರೆಸ್ಸು ಮುಚ್ಚಿದ ಮೇಲೆ ಹೆಂಡತಿ ಮಾರೆಮ್ಮನ ತವರಿಗೆ ಮನೆ ಅಳಿಯನಾಗಿ ಬಂದೆ. ನೋಟೀಸಿನಲ್ಲಿ ತಾವು ‘ಸದರಿ ಮೃತಳು’ ಎಂದು ಬರೆದಿರುವ ಪಕ್ಕೀರಮ್ಮ ನನ್ನ ಅತ್ತೆ.

ಇಲ್ಲದ ಊರಿಗೆ ಚರಿತ್ರೆ ಇರುವುದು ಸಾಧ್ಯವಿಲ್ಲವಾದರೂ, ತಮ್ಮ ತಾಳ್ಮೆಯ ಮೇಲೆ ಭರವಸೆಯಿಟ್ಟು ಅದನ್ನು ಸಂಕ್ಷೇಪವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ಹಿಂದೆ ಇಲ್ಲಿ ದಾಟುವವರು ಹೊಳೆ ಇಳಿಯುವ ತನಕ ದಡದಲ್ಲಿ ಕಾಯಬೇಕಾಗಿತ್ತು. ಹಾಗೆ ಕಾಯುತ್ತಿದ್ದವರಿಗೆ ನನ್ನ ಅತ್ತೆಯ ಗಂಡನ ಮುತ್ತಜ್ಜಿ ರೊಟ್ಟಿ ಬಡಿದು ಕೊಟ್ಟಳು. ಆಕೆಯ ಗಂಡ ಹರಿಗೋಲು ಹಾಕಿದ. ಜನ ಕಾದದ್ದರಿಂದ ಈ ಮರಳುಗಡ್ಡೆಗೆ ಕಾದಗಡ್ಡಿಯೆಂದು ಹೆಸರಾಯಿತು. ಬೇಸಿಗೆಯಲ್ಲಿ ಇಲ್ಲಿನ ಮರಳಿನ ಮೇಲೆ ಬರಿಗಾಲಿಟ್ಟವರು ಈ ಹೆಸರಿಗೆ ಬೇರೆಯದೇ ಅರ್ಥ ಹೇಳುತ್ತಾರೆ, ಅದೂ ತಪ್ಪಲ್ಲ. ಆ ಕಾಲದಲ್ಲಿ ಈಚೆ ದಡ ಮದರಾಸಿನವರದು, ಆಚೆ ದಡ ನಿಜಾಮರದು. ಎರಡೂ ಕಡೆಯ ವಸೂಲಿಯವರು ತಪ್ಪದೆ ಬಂದು, ಕಾದಗಡ್ಡಿ ನಮ್ಮದೇ ಎಂದು ಜಗಳವಾಡಿ, ಸಿಕ್ಕಷ್ಟು ಮೀನು ಒಯ್ಯುತ್ತಿದ್ದರಂತೆ. ನಮ್ಮನ್ನು ಅಷ್ಟು ಜನ ತಮ್ಮವರೆಂದು ಹಟ ಹಿಡಿದದ್ದು ಅದೇ ಕೊನೆ.

ಆಮೇಲೆ ಬಳ್ಳಾರಿ ಮೈಸೂರಿಗೆ ಸೇರಿತು, ರಾಯಚೂರೂ ಬಂದು ಸೇರಿತು, ಮೈಸೂರು ಕರ್ನಾಟಕವಾಯಿತು. ನಾವು ಎಲ್ಲಿಗೂ ಹೋಗದೆ ಇದ್ದಲ್ಲೇ ಇದ್ದೆವು. ನಮ್ಮ ಬದಲು ಹೊಳೆ ಎದ್ದು ಹೋಯಿತು. ಒಂದು ದೊಡ್ಡ ನೆರೆಯಲ್ಲಿ ಅದು ಮನಸ್ಸು ಬದಲಾಯಿಸಿ ನಮ್ಮ ಬೆನ್ನ ಹಿಂದೆಯೂ ಒಂದು ದಾರಿ ಮಾಡಿಕೊಂಡಿತು. ಅಂದಿನಿಂದ ನಮಗೆ ಎರಡೂ ಕಡೆ ನೀರು. ಗಡಿಯೆಂದರೆ ಹೊಳೆಯ ನಡುಮಧ್ಯವೆಂದು ಕಾನೂನಿದೆಯಂತೆ. ನಡುಮಧ್ಯದಲ್ಲಿ ಮನೆ ಇರುವವರು ಏನು ಮಾಡಬೇಕೆಂದು ಅದರಲ್ಲಿಲ್ಲ. ಸಿರುಗುಪ್ಪಕ್ಕೆ ಹೋದರೆ ನೀವು ರಾಯಚೂರಿನವರೆಂದು ಕೂಡಿಸಿ ನೀರು ಕೊಟ್ಟು ಕಳಿಸುವರು; ಆಚೆ ಹೋದರೆ ನೀವು ಬಳ್ಳಾರಿಯವರೆಂದು ನಿಲ್ಲಿಸಿಯೇ ಕಳಿಸುವರು. ಈ ಸತ್ಕಾರದ ವ್ಯತ್ಯಾಸದಿಂದಲೇ ನಾವು ಬಳ್ಳಾರಿಯ ಕಡೆ ಒಲಿದದ್ದೆಂದು ದಾಖಲಿಸಬಹುದು.

ಸರಕಾರ ನಮ್ಮನ್ನು ಪೂರ್ತಿ ಮರೆತಿತ್ತೆಂದರೆ ಅದು ಕೃತಘ್ನತೆಯಾದೀತು. ಒಮ್ಮೆ ಮೀನುಗಾರರಿಗೆ ಬಲೆ ಕೊಡುತ್ತಾರೆಂದು ಕೇಳಿ ನನ್ನ ಭಾವಮೈದುನ ಓಬಣ್ಣ, ಅಂದರೆ ಪಕ್ಕೀರಮ್ಮನ ಮಗ, ಒಂದು ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದ. ಆ ಅರ್ಜಿಯಲ್ಲಿ ನೀರಿನ ಪಕ್ಕ ಬದುಕುವವರಿಗೆಲ್ಲ ಗುರುತು ಹಾಕಲು ಇದ್ದ ಜಾಗ ‘ಕರಾವಳಿ’ ಎಂಬುದೊಂದೇ. ಬಲೆ ಬರಲಿಲ್ಲ. ಆದರೆ ಮುಂದಿನ ಮಳೆಗಾಲಕ್ಕೆ ಸುತ್ತೋಲೆಯೊಂದು ರಾರಾವಿಗೆ ಬಂದು, ಅಲ್ಲಿಂದ ಬಾಯಿಮಾತಾಗಿ ನಮಗೆ ತಲುಪಿತು. ಸಮುದ್ರದಲ್ಲಿ ಚಂಡಮಾರುತದ ಲಕ್ಷಣಗಳಿರುವುದರಿಂದ ಕಾದಗಡ್ಡಿಯ ಬೆಸ್ತರು ಆಳಸಮುದ್ರಕ್ಕೆ ಇಳಿಯಕೂಡದು ಎಂದು ಅದರಲ್ಲಿತ್ತು. ನಾವು ಆ ಆಜ್ಞೆಯನ್ನು ಇವತ್ತಿನವರೆಗೂ ಮೀರಿಲ್ಲ. ನಮ್ಮಲ್ಲಿ ಒಬ್ಬರೂ ಸಮುದ್ರಕ್ಕೆ ಇಳಿದಿಲ್ಲ, ನೋಡಿಯೂ ಇಲ್ಲ.

ಇನ್ನು ತಾವು ದಯಮಾಡಿಸಿದ ಪ್ರಸಂಗ. ಮೇಲಿನ ಅಣೆಕಟ್ಟೆಯಿಂದ ನೀರು ಬಿಡುವ ಮುಂಚೆ ದಡದ ಊರುಗಳಲ್ಲಿ ಡಂಗುರ ಸಾರಿಸುವ ಪದ್ಧತಿಯಿದೆ. ಆ ಊರುಗಳ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲದಿದ್ದರೂ ರಾರಾವಿ ಕಡೆಯ ತಳವಾರ ಜಂಬಣ್ಣ ತನ್ನ ಮನಸ್ಸಿನಿಂದಲೇ ನೀರಿನಂಚಿಗೆ ಬಂದು ನಮ್ಮ ಕಡೆ ಮುಖಮಾಡಿ ನಾಲ್ಕು ಪೆಟ್ಟು ಹೊಡೆದು ಹೋಗುತ್ತಿದ್ದ. ಅವನಿಗೂ ವಯಸ್ಸಾಗುತ್ತಿದೆ, ಅವನ ನಂತರ ಬರುವವನು ಹೀಗೆ ಬಾರದೆ ಇದ್ದರೇನು ಗತಿ ಎಂದು ಪಕ್ಕೀರಮ್ಮ ನನ್ನಿಂದ ಅರ್ಜಿ ಬರೆಸಿದಳು. ನಾವು ರಸ್ತೆ ಕೇಳಿರಲಿಲ್ಲ, ಕರೆಂಟು ಕೇಳಿರಲಿಲ್ಲ. ಜಂಬಣ್ಣ ತಾನಾಗಿಯೇ ಮಾಡುತ್ತಿದ್ದುದನ್ನು ಅವನ ಕೆಲಸವನ್ನಾಗಿ ಮಾಡಿಕೊಡಿ ಎಂದಷ್ಟೇ ಕೇಳಿದ್ದೆವು.

ಅದರ ವಿಚಾರಣೆಗಾಗಿ ಹೋದ ವರ್ಷದ ಶ್ರಾವಣದಲ್ಲಿ ತಾವು ಜೀಪನ್ನು ರಾರಾವಿಯಲ್ಲಿ ನಿಲ್ಲಿಸಿ, ಓಬಣ್ಣನ ಹರಿಗೋಲಿನಲ್ಲಿ ಕಣ್ಣು ಮುಚ್ಚಿ ಕೂತು ಬಂದಿರಿ. ಬಂದ ದಿನವೇ ಹೊಳೆ ಏರಿತು, ವಾಪಸು ಹೋಗುವ ದಾರಿ ಕಟ್ಟಾಯಿತು. ಅದರ ಮೇಲೆ ತಮಗೆ ಹೊಟ್ಟೆ ಕೆಟ್ಟು ಜ್ವರ ಬಂತು. ನಮ್ಮಲ್ಲಿದ್ದ ಒಂದೇ ಹೊರಸನ್ನು ತಮಗೆ ಹಾಸಿಕೊಟ್ಟೆವು. ಪಕ್ಕೀರಮ್ಮ ನವಣೆಯ ಗಂಜಿ ಕಾಸಿ ತಣಿಸಿ ಕುಡಿಸಿದಳು. ಓಮದ ಕಷಾಯ ಮಾಡಿದಳು. ತಾವು ಬೇಡವೆಂದು ಮುಖ ತಿರುಗಿಸಿದಾಗ ಓಬಣ್ಣನನ್ನು ಗದರಿಸುವ ದನಿಯಲ್ಲೇ ತಮ್ಮನ್ನೂ ಗದರಿಸಿದಳು. ಹೊಳೆ ಇಳಿಯುವ ತನಕ ತಾವು ನಮ್ಮ ಮನೆಯವರಾಗಿಯೇ ಇದ್ದಿರಿ. ಜ್ವರ ಬಿಟ್ಟ ಮೇಲೆ ಪುಂಡಿಪಲ್ಯ ರೊಟ್ಟಿ ಉಂಡು, ಕುರುಗೋಡಿನಲ್ಲಿ ನಮ್ಮ ತಾಯಿಯ ಕೈಯಡುಗೆಯೂ ಹೀಗೆಯೇ ಇರುತ್ತದೆ ಎಂದು ಹೇಳಿದಿರಿ. ತಾವೇನೂ ದೊಡ್ಡಸ್ತಿಕೆ ತೋರಿಸಲಿಲ್ಲ. ತಾವು ಒಳ್ಳೆಯವರೆಂದು ನಾವೆಲ್ಲ ಮಾತಾಡಿಕೊಂಡೆವು. ಈಗಲೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ, ಆದ್ದರಿಂದಲೇ ತೊಂದರೆಯಾಗಿದೆ.

ಹೊರಡುವಾಗ ತಾವು ಹರಿಗೋಲು ಹತ್ತುವ ಮುನ್ನ ಬಗ್ಗಿ ಆಕೆಯ ಕಾಲು ಮುಟ್ಟಿ ಆಡಿದ ಮಾತು ನಮಗೆಲ್ಲ ಕೇಳಿಸಿತು.

“ಅವ್ವಾ, ನಾ ಬಳ್ಳಾರಿಗೆ ಹೋದ ಮ್ಯಾಲ ಮೊದಲನೇ ಕೆಲಸ ನಿಮ್ದ. ನೀವೇನೂ ಚಿಂತಿ ಮಾಡಬ್ಯಾಡ್ರಿ.”

ತಾವು ಮಾತು ತಪ್ಪಲಿಲ್ಲ. ಮೊದಲನೆಯ ಕೆಲಸ ನಮ್ಮದೇ ಆಯಿತು. ದೀಪಾವಳಿ ಕಳೆದ ಮೇಲೆ ನಾನು ತಮ್ಮ ಕಚೇರಿಗೆ ಬಂದಾಗ ತಾವು ಪ್ರವಾಸದಲ್ಲಿದ್ದಿರಿ. ಗುಮಾಸ್ತ ಚಿದಾನಂದಪ್ಪನವರು ಸಭ್ಯರು, ತಮ್ಮ ವರದಿಯ ಸಾರವನ್ನು ನನಗೆ ಹೇಳಿದರು: ಸದರಿ ಸ್ಥಳದಲ್ಲಿ ಖಾಯಂ ಜನವಸತಿ ಕಂಡುಬಂದಿರುವುದಿಲ್ಲ, ಆದಕಾರಣ ಅರ್ಜಿಯನ್ನು ಮುಕ್ತಾಯಗೊಳಿಸಿದೆ. ಇಷ್ಟು ಜನ ಕಣ್ಣಿಗೆ ಬೀಳಲಿಲ್ಲವೇ ಎಂದು ಕೇಳಿದ್ದಕ್ಕೆ ಚಿದಾನಂದಪ್ಪನವರು ನನ್ನನ್ನು ವರಾಂಡಕ್ಕೆ ಕರೆದೊಯ್ದು, ದನಿ ತಗ್ಗಿಸಿ ತಿಳಿಯಹೇಳಿದರು.

“ಜನ ಅದಾರ ಅಂತ ಬರದ್ರ ಯಾವ ಜಿಲ್ಲಾದವ್ರು ಅಂತ ಬರೀಬೇಕಾಗತೈತಿ. ಅದನ್ನ ಬರದ್ರ ಎರಡೂ ಜಿಲ್ಲಾದವ್ರು ಸಾಹೇಬ್ರ ಮ್ಯಾಲ ಬೀಳ್ತಾರ. ಇಲ್ಲ ಅಂತ ಬರದ್ರ ಒಂದ ಸಾಲಿನ್ಯಾಗ ಮುಗೀತೈತಿ ನೋಡಪ.”

ಅಲ್ಲದೆ ತಾವು ಮಲಗಿದ್ದ ದಿನಗಳಲ್ಲಿ ಸಿರುಗುಪ್ಪದ ಬಂಗಲೆಯಲ್ಲಿ ಮೊಕ್ಕಾಂ ಇದ್ದುದಾಗಿ ಪ್ರವಾಸದ ದಿನಚರಿಯಲ್ಲಿ ಮೊದಲೇ ತೋರಿಸಿಬಿಟ್ಟಿದ್ದಿರಂತೆ. ಊರಿದೆಯೆಂದರೆ ತಾವು ಊರಲ್ಲಿದ್ದ ಪ್ರಶ್ನೆ ಬರುತ್ತದೆ. ಊರೇ ಇಲ್ಲದಿದ್ದರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಇಷ್ಟು ಚಿಕ್ಕ ವಾಕ್ಯದಿಂದ ಇಷ್ಟು ತೊಡಕುಗಳನ್ನು ಒಟ್ಟಿಗೆ ಬಿಡಿಸಿದ ಬರವಣಿಗೆಯನ್ನು ನಾನು ಮೊಳೆ ಜೋಡಿಸಿದ ಅಷ್ಟು ವರ್ಷಗಳಲ್ಲಿ ನೋಡಿರಲಿಲ್ಲ. ಮನೆಗೆ ಬಂದು ಸುದ್ದಿ ಹೇಳಿದಾಗ ಓಬಣ್ಣ ಸಿಟ್ಟಾದ. ಪಕ್ಕೀರಮ್ಮ ಮಾತ್ರ ತಮ್ಮ ಪರವಾಗಿಯೇ ನಿಂತು, ಜ್ವರದ ಕಣ್ಣಿಗೆ ಜನ ಕಂಡಿರಲಿಕ್ಕಿಲ್ಲ, ಇನ್ನೊಮ್ಮೆ ಬಂದಾಗ ಸರಿಯಾಗಿ ತೋರಿಸೋಣ ಎಂದಳು.

ವರದಿಯ ಫಲ ಈ ವರ್ಷ ನಮಗೆ ದೊರೆಯಿತು. ಮಳೆಗಾಲದ ಮೊದಲಲ್ಲೇ ಜಂಬಣ್ಣ ಎಂದಿನಂತೆ ನೀರಿನಂಚಿಗೆ ಬಂದು ಡಂಗುರ ಹೊಡೆದ. ಜನವಸತಿಯಿಲ್ಲದ ಕಡೆಗೆ ಮುಖಮಾಡಿ ಸರಕಾರಿ ಡಂಗುರ ಹೊಡೆದದ್ದೇಕೆಂದು ಮೇಲಿನವರು ಅವನಿಂದ ಜವಾಬು ಕೇಳಿದರು. ಅವನು ಹೆದರಿದ. ಅವನನ್ನು ನಾವು ದೂರುವುದಿಲ್ಲ. ಮುಂದಿನ ಸಲ ದೊಡ್ಡ ನೀರು ಬಿಟ್ಟಾಗ ದಡದ ಊರುಗಳಲ್ಲೆಲ್ಲ ಡಂಗುರವಾಯಿತು, ಜನ ಎತ್ತರಕ್ಕೆ ಹೋದರು, ದನಗಳೂ ಹೋದವು. ನಮ್ಮಲ್ಲಿ ಬೆಳಗಿನ ರೊಟ್ಟಿ ಬಡಿಯುವ ಹೊತ್ತು. ಮಾರೆಮ್ಮ ನೀರು ತರಲು ಹೋದವಳು ಕೊಡ ಬಿಟ್ಟು ಓಡಿ ಬಂದಳು. ಅವಳ ಹಿಂದೆಯೇ ಹೊಳೆಯೂ ಬಂತು.

ಓಬಣ್ಣ ಹರಿಗೋಲು ಇಳಿಸಿ ಮಕ್ಕಳನ್ನೂ ಬಾಣಂತಿಯೊಬ್ಬಳನ್ನೂ ಮೊದಲು ದಾಟಿಸಿದ. ಆಮೇಲೆ ನಮ್ಮನ್ನು. ಪಕ್ಕೀರಮ್ಮ ಪ್ರತಿ ಸಲವೂ ಇನ್ನೊಬ್ಬರನ್ನು ಮುಂದೆ ತಳ್ಳಿ, ತಾನು ನೀರು ಕಂಡವಳು, ಕೊನೆಗೆ ಬರುತ್ತೇನೆ ಎಂದಳು. ಕೊನೆಯ ಸಲ ಬಂದಳು ಕೂಡ. ನಾವು ದಡದಲ್ಲಿ ನಿಂತು ನೋಡುತ್ತಿದ್ದೆವು. ನಡುನೀರಿನಲ್ಲಿ ಬುಡಸಮೇತ ತೇಲಿಬಂದ ಜಾಲಿಮರವೊಂದು ಹರಿಗೋಲಿಗೆ ಬಡಿಯಿತು. ಹರಿಗೋಲು ಗಿರ್ರನೆ ತಿರುಗಿ ಮಗುಚಿತು. ಓಬಣ್ಣ ಕೊಂಬೆ ಹಿಡಿದು ಉಳಿದ. ಆಕೆಯ ಸೀರೆಯ ಸೆರಗು ಅವನ ಕೈಗೆ ಬಂದಿತ್ತಂತೆ. ಆ ಕೈ ನೋಡಿಕೊಂಡೇ ಅವನು ಈಗಲೂ ಕೂತಿರುತ್ತಾನೆ.

ಮಾನ್ಯರೇ, ಇಲ್ಲಿ ನನ್ನ ಪ್ರೆಸ್ಸಿನ ಭಾಷೆ ಸ್ವಲ್ಪ ತಡವರಿಸಿದ್ದರೆ ಮನ್ನಿಸಬೇಕು.

ಹೊಳೆ ಆಕೆಯನ್ನು ಕೆಳಹರಿವಿನ ಆಂಧ್ರದ ದಡಕ್ಕೆ ಒಯ್ದಿತ್ತು. ಸುದ್ದಿ ತಿಳಿದು ನಾವು ಸಿರುಗುಪ್ಪದಿಂದ ಆದೋನಿ ಬಸ್ಸು ಹಿಡಿದು, ಇಳಿದು, ಮತ್ತೊಂದು ಬಸ್ಸು ಹಿಡಿದು ಅಲ್ಲಿನ ಠಾಣೆಗೆ ಹೋದೆವು. ಅಲ್ಲಿನವರು ಆಕೆಗೆ ಬಿಳಿ ಬಟ್ಟೆ ಹೊದಿಸಿ, ಯಾರೋ ಎರಡು ಕಣಗಿಲೆ ಹೂವನ್ನೂ ಇಟ್ಟಿದ್ದರು. ಬರೆದುಕೊಳ್ಳುವ ಪೊಲೀಸಿನವನು “ಏ ಊರಮ್ಮಾ?” ಎಂದು ತೆಲುಗಿನಲ್ಲಿ ಮಾರೆಮ್ಮನ ಊರು ಕೇಳಿದ. ಕಾದಗಡ್ಡಿ ಎಂದಳು. ಯಾವ ಜಿಲ್ಲೆ ಎಂದ. ಮಾರೆಮ್ಮ ನನ್ನ ಮುಖ ನೋಡಿದಳು. ಅವನು ಬಳ್ಳಾರಿಗೆ ಫೋನು ಮಾಡಿ ವಿಚಾರಿಸಿದ. ಆ ಹೆಸರಿನ ಊರಿಲ್ಲ, ಅಲ್ಲಿ ಜನವಸತಿ ಇಲ್ಲವೆಂದು ಪಕ್ಕಾ ವರದಿಯಿದೆ ಎಂದು ಅಲ್ಲಿಂದ ಉತ್ತರ ಬಂತು. ಊರಿಲ್ಲದ ಹೆಣವನ್ನು ಊರಿಲ್ಲದವರ ಕೈಗೆ ಹೇಗೆ ಕೊಡಲಿ, ನಾಳೆ ನನ್ನನ್ನು ಕೇಳುತ್ತಾರೆ, ಅನಾಥ ಶವವೆಂದು ನಾವೇ ಮಣ್ಣು ಮಾಡುತ್ತೇವೆ ಎಂದು ಅವನು ನೊಂದುಕೊಂಡೇ ಹೇಳಿದ. ಆಗ ಮಾರೆಮ್ಮ ಸೆರಗು ಸರಿಮಾಡಿಕೊಂಡು, ಕಣ್ಣೊರೆಸಿಕೊಳ್ಳದೆ, ನಿಧಾನವಾಗಿ ಹೇಳಿದಳು.

“ಆಕಿಗೆ ಇನ್ನೊಬ್ಬ ಮಗ ಅದಾನ. ಬಳ್ಳಾರ್ಯಾಗ ಸಾಹೇಬ್ರು. ಬರಕೋರಿ.”

ತಮ್ಮ ಶುಭನಾಮವನ್ನೂ ಕಚೇರಿಯ ಹೆಸರನ್ನೂ ಆಕೆ ತಪ್ಪಿಲ್ಲದೆ ಬರೆಸಿದಳು. ನಾನು ತಡೆಯಲಿಲ್ಲ. ತಮ್ಮ ಹೆಸರಿನ ಮಹಿಮೆಯನ್ನು ಆಗ ನೋಡಬೇಕಿತ್ತು! ಅದುವರೆಗೆ ಅನಾಥ ಶವವಾಗಿದ್ದಾಕೆ ಒಂದೇ ಗಳಿಗೆಯಲ್ಲಿ ಅಧಿಕಾರಿಯ ತಾಯಿಯಾದಳು. ಪೊಲೀಸಿನವನು ಎದ್ದು ನಿಂತ. ನಮಗೆ ಬೆಂಚು ಬಂತು, ಚಹಾ ಬಂತು, ಹೆಣ ಸಾಗಿಸಲು ವ್ಯಾನು ಬಂತು. ಹುಟ್ಟಿದಾಗಿನಿಂದ ಮೋಟಾರಿನಲ್ಲಿ ಕೂರದ ನನ್ನ ಅತ್ತೆ ಸರಕಾರಿ ಮರ್ಯಾದೆಯಿಂದ ಹೊಳೆಯ ದಡದ ತನಕ ಬಂದಳು. ನೀರು ಇಳಿದ ಗಡ್ಡೆಯ ಮೇಲೆ, ನಮ್ಮ ಮನೆ ಇದ್ದ ಜಾಗದ ಹಿಂದೆ, ಆಕೆಯನ್ನು ಮಣ್ಣು ಮಾಡಿದೆವು.

ಅದೇ ಹೊತ್ತಿಗೆ ಠಾಣೆಯವರು ಸೌಜನ್ಯಕ್ಕಾಗಿ ತಮಗೊಂದು ತಂತಿ ಕಳಿಸಿದರಂತೆ: ತಮ್ಮ ತಾಯಿ ಹೊಳೆಯಲ್ಲಿ ಮುಳುಗಿ ತೀರಿಕೊಂಡಿದ್ದಾರೆ. ತಾವು ಜೀಪು ಹತ್ತಿ ಕುರುಗೋಡಿನ ದಾರಿಯುದ್ದಕ್ಕೂ ಅಳುತ್ತ ಹೋದಿರೆಂದೂ, ಅಲ್ಲಿ ತಮ್ಮ ಮಾತೃಶ್ರೀಯವರು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರೆಂದೂ ಚಿದಾನಂದಪ್ಪನವರಿಂದ ತಿಳಿಯಿತು. ತಮಗಾದ ಆ ಸಂಕಟಕ್ಕೆ ನಾವು ಮನಸಾರೆ ವಿಷಾದಿಸುತ್ತೇವೆ. ಹಾಗಿದ್ದರೂ, ತಾವು ಅಳುತ್ತಿದ್ದ ಹೊತ್ತಿನಲ್ಲಿ ನಿಜವಾಗಿ ಸತ್ತಿದ್ದವಳು ಪಕ್ಕೀರಮ್ಮನೇ ಆದ್ದರಿಂದ, ಸರಕಾರದ ಕಡೆಯಿಂದ ಆಕೆಗೆ ಸಂದ ಕಣ್ಣೀರೆಂದು ಅದನ್ನು ನಾವು ಜಮಾ ಮಾಡಿಕೊಂಡಿದ್ದೇವೆ. ದಯವಿಟ್ಟು ವಾಪಸು ಕೇಳಬಾರದು.

ತಮ್ಮ ನೋಟೀಸು ಬಂದದ್ದು ಇದಾದ ಮೇಲೆ. ಸರಕಾರದ ಮುದ್ರೆಯಿರುವ ಲಕೋಟೆಯ ಮೇಲೆ ‘ಕಾದಗಡ್ಡಿ’ ಎಂದು ಬರೆದದ್ದು ನಮ್ಮ ಚರಿತ್ರೆಯಲ್ಲಿ ಅದೇ ಮೊದಲು. ನಮ್ಮ ಮೇಲೆ ಕ್ರಮ ಜರುಗಿಸಬೇಕಾದರೆ ನಾವು ಇರಬೇಕಾಗುತ್ತದೆ ಎಂಬ ಕಾನೂನಿನ ಸೂಕ್ಷ್ಮವನ್ನು ತಾವೇ ನಮಗೆ ಕಲಿಸಿಕೊಟ್ಟಿರಿ. ಆದಕಾರಣ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ಇಂಥದೇ ಬೆದರಿಕೆಯ ನೋಟೀಸನ್ನು ಇಲ್ಲಿನ ಪ್ರತಿಯೊಂದು ಮನೆಗೂ, ಮನೆ ಕೊಚ್ಚಿಹೋದವರಿಗೆ ಅವರವರ ಜಾಗಕ್ಕೂ ಕಳುಹಿಸಿದರೆ ರೇಷನ್ ಕಾರ್ಡಿಗೆ ತೋರಿಸಲು ಅನುಕೂಲವಾಗುತ್ತದೆ. ತಮ್ಮ ವರದಿಯ ಒಂದು ನಕಲನ್ನು ತುಂಗಭದ್ರೆಗೂ ಕಳುಹಿಸಿ, ಜನವಸತಿಯಿಲ್ಲದ ಸ್ಥಳದಿಂದ ಜನರನ್ನು ಒಯ್ಯುವುದು ಕ್ರಮಬದ್ಧವಲ್ಲವೆಂದು ಎಚ್ಚರಿಸಬೇಕು. ಹೊಳೆ ಇಳಿದ ಮೇಲೆ ಹುಟ್ಟಿದ ಸೊಳ್ಳೆಗಳು ಯಾವ ಜಿಲ್ಲೆಗೆ ಸೇರಿದವೆಂದು ಗಡಿ ನಿಶ್ಚಯಿಸಿ, ಸಾಧ್ಯವಾದರೆ ಆಚೆಯ ಜಿಲ್ಲೆಗೆ ವರ್ಗಮಾಡಬೇಕು. ಇವು ಯಾವುವೂ ಆಗದಿದ್ದರೆ, ಜಂಬಣ್ಣನಿಗೆ ಮೊದಲಿನಂತೆ ನೀರಿನಂಚಿಗೆ ಬಂದು ನಾಲ್ಕು ಪೆಟ್ಟು ಹೊಡೆಯಲು ಬಿಟ್ಟರೆ ಸಾಕು.

ಇನ್ನು ನೋಟೀಸಿಗೆ ಉತ್ತರ. ಸದರಿ ಮೃತಳಿಗೂ ತಮಗೂ ಯಾವ ಸಂಬಂಧವೂ ಇಲ್ಲವೆಂದು ಮಾರೆಮ್ಮ ಬರೆದುಕೊಡತಕ್ಕದ್ದೆಂದು ತಾವು ಅಪ್ಪಣೆ ಮಾಡಿದ್ದೀರಿ. ನಾನು ಅದನ್ನು ಆಕೆಗೆ ಓದಿ ಹೇಳಿದೆ. ಆಕೆ ಹೊಸ ಮನೆಯ ಗೋಡೆಗೆ ಮಣ್ಣು ಮೆತ್ತುತ್ತಿದ್ದಳು. ಅದನ್ನು ಮುಗಿಸಿದಳು. ಆಮೇಲೆ ಕೈ ತೊಳೆದುಕೊಂಡು ಬಂದು ನನ್ನ ಮುಂದೆ ಕೂತು, ಬರೆದುಕೊಳ್ಳಲು ಹೇಳಿದಳು. ಆಕೆಯ ಮಾತನ್ನು ತಿದ್ದದೆ, ಒಂದಕ್ಷರವನ್ನೂ ಮೇಲೆ ಕೆಳಗೆ ಮಾಡದೆ, ತಮ್ಮ ಸನ್ನಿಧಿಗೆ ಒಪ್ಪಿಸುತ್ತಿದ್ದೇನೆ.

“ನಮ್ಮವ್ವ ಸಾಹೇಬ್ರಿಗೆ ಅವ್ವ ಅಲ್ಲ ಅಂತ ನಾ ಬರಕೊಡ್ತೀನಿ. ತಾವು ಆಕಿನ್ನ ಅವ್ವಾ ಅಂತ ಕರದಿಲ್ಲ ಅಂತ ಅವ್ರೂ ಬರಕೊಡ್ಲಿ.”

ತಮ್ಮ ಹೇಳಿಕೆ ಬಂದ ಕೂಡಲೇ ಆಕೆಯ ಹೇಳಿಕೆಯನ್ನೂ ಕಳುಹಿಸಿಕೊಡಲಾಗುವುದು.

ಇದ್ದೂ ಇಲ್ಲದವರೆಲ್ಲರ ಪರವಾಗಿ,
ತಮ್ಮ ವಿಶ್ವಾಸಿ,
ಗಾದೆಪ್ಪ,
ಕಾದಗಡ್ಡಿ, ಕಾರ್ತಿಕ ಮಾಸ, ೧೯೭೮

ವಿ. ಸೂ.: ಹೊಳೆ ಈಗ ಮೊಣಕಾಲಿಗೆ ಇಳಿದಿದೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡರೆ ರಾರಾವಿಯ ಕಡೆಯಿಂದ ನಡೆದೇ ಬರಬಹುದು. ಪಕ್ಕೀರಮ್ಮನ ಮಣ್ಣಿಗೆ ಒಂದು ಹಿಡಿ ಹೂ ಹಾಕಿ ಹೋಗಬೇಕೆಂದು ತಮಗೆ ಎಂದಾದರೂ ಅನ್ನಿಸಿದರೆ ಸಂಕೋಚಪಡಬೇಕಿಲ್ಲ. ತಾವು ಬಂದದ್ದನ್ನು ನೋಡಿದೆವೆಂದು ಹೇಳಲು ಇಲ್ಲಿ ಯಾರೂ ಇಲ್ಲ.